ಬಾಲ್ಟಿಮೋರಿನ ಅನ್ನಛತ್ರವೂ ಕೂಲಿಯ ನ್ಯಾಯವೂ

ಅಮೇರಿಕಾ ಸಂಯುಕ್ತ ಸಂಸ್ಥಾನದ ಪೂರ್ವ ಭಾಗದಲ್ಲಿ ಬಾಲ್ಟಿಮೋರ್ ಎಂಬ ರೇವುಪಟ್ಟಣವುಂಟು. 1990ರ ತರುವಾಯದ ವರ್ಷಗಳಲ್ಲಿ ಅಲ್ಲಿಯ ಚರ್ಚುಗಳು ನಡೆಯಿಸುತ್ತಿದ್ದ ಅನ್ನಛತ್ರಗಳಿಗೆ ಬರುವವರಲ್ಲಿ ಎಲ್ಲರೂ ನಿರುದ್ಯೋಗಿಗಳಲ್ಲವೆಂಬುದು ಪಾದ್ರಿಗಳ ಗಮನಕ್ಕೆ ಬಂದಿತು. ಹಲವರು ದಿನವಿಡೀ ದುಡಿದು ಬಂದವರು. ನಗರಸಭೆಯ ಕೆಲಸಗಳನ್ನು ಗುತ್ತಿಗೆ ಹಿಡಿದವರು ಕೊಡುತ್ತಿದ್ದ ಕೂಲಿಯಿಂದ ಸಂಸಾರವು ಸಾಗುವಂತಿರಲಿಲ್ಲ. ಆಗ ದೇಶದ ಶಾಸನವು ವಿಧಿಸಿದ್ದ ಕನಿಷ್ಠ ಕೂಲಿಯು ಗಂಟೆಗೆ 4.25 ಡಾಲರು ಮಾತ್ರ.

ದಾಸೋಹದ ಮರ್ಮವನ್ನು ಬಲ್ಲವರಿಗೆ ಇದರ ಸಂಕಟವು ಬೇಗ ಮನಗಾಣುವುದು. ಕಾಯಕದ ಫಲದಿಂದ ಪರರಿಗೆ ನೀಡಬೇಕಾದವನೇ ಕಾಯಕವನ್ನು ಮುಗಿಸಿ ಬಟ್ಟಲು ಹಿಡಿದು ನಿಲ್ಲುವುದೆಂದರೆ, ಆ ಊಟವು ಬಡವನಿಗಿಂತಲೂ ಗುತ್ತಿಗೆದಾರನಿಗೇ ಸಂದ ದಾನವಲ್ಲವೆ?

ಕಪ್ಪುಜನರ ಚರ್ಚುಗಳೇ ಹೆಚ್ಚಾಗಿದ್ದ, 1977ರಲ್ಲಿ ಸ್ಥಾಪಿತವಾದ ‘ಬಿಲ್ಡ್’ ಎಂಬ ಒಕ್ಕೂಟವು ನೌಕರರ ಸಂಘದೊಡನೆ ಕೂಡಿ ನಗರಸಭೆಯ ಬಾಗಿಲಿಗೆ ಹೋಯಿತು. ಅವರು ಧರ್ಮವನ್ನು ಬೇಡಲಿಲ್ಲ, ಕೂಲಿಯನ್ನು ಕೇಳಿದರು. 1994ರ ಡಿಸೆಂಬರಿನಲ್ಲಿ ಶಾಸನವಾಯಿತು: ನಗರದ ಗುತ್ತಿಗೆಯಲ್ಲಿ ದುಡಿಯುವವರಿಗೆ ಮೊದಲು ಗಂಟೆಗೆ 6.10 ಡಾಲರು, ಕ್ರಮೇಣ 7.70. ಖಾಸಗಿ ಹೋಟೆಲು ಅಂಗಡಿಗಳ ಆಳುಗಳಿಗೆ ಇದು ಅನ್ವಯಿಸಲಿಲ್ಲವೆಂಬುದು ದೊಡ್ಡ ಕೊರತೆಯೇ ಸರಿ. ಆದರೂ ಅಮೇರಿಕೆಯ ಇತರ ನಗರಗಳು ಇದೇ ಮಾದರಿಯನ್ನು ಹಿಡಿದವು. 2001ರಲ್ಲಿ ಪೂರ್ವ ಲಂಡನ್ನಿನ ಚರ್ಚುಗಳೂ ಮಸೀದಿಗಳೂ ಕಾರ್ಮಿಕ ಸಂಘಗಳೂ ಒಟ್ಟುಗೂಡಿ, ಆಸ್ಪತ್ರೆ ಬ್ಯಾಂಕುಗಳಲ್ಲಿ ಇರುಳೆಲ್ಲ ನೆಲವೊರೆಸುವವರ ಪರವಾಗಿ ಅದೇ ಬೇಡಿಕೆಯನ್ನೆತ್ತಿದವು.