ಸುದ್ದಿ ಮತ್ತು ಗಾಳಿಸುದ್ದಿ: ಪತ್ರಿಕಾ ಪರಿಭಾಷೆ ಹಾಗೂ ರೋಚಕ ವರದಿಗಾರಿಕೆಯ ಪರಿಣಾಮಗಳು

ಕನ್ನಡದ ‘ಸುದ್ದಿ’ ಎಂಬ ಪದವು ಸಂಸ್ಕೃತದ ‘ಶುದ್ಧಿ’ಯ ತದ್ಭವ. ಶುದ್ಧಿ ಎಂಬುದಕ್ಕೆ ನಿರ್ಮಲತೆ ಎಂಬ ಅರ್ಥದ ಜೊತೆಗೆ, ಸಂಶಯ ಕಳೆದು ಉಳಿದ ಖಚಿತ ತಿಳಿವಳಿಕೆ ಎಂಬ ಅರ್ಥವೂ ಇದೆ. ಖಚಿತಪಡದ ಮಾತಿಗೆ ಕನ್ನಡಿಗರು ‘ಗಾಳಿಸುದ್ದಿ’ ಎಂದು ಬೇರೆಯೇ ಹೆಸರಿಟ್ಟರು. ಈ ಎರಡು ಪದಗಳ ನಡುವಿನ ಅಂತರವನ್ನು ಕಾಯುವುದೇ ಪತ್ರಿಕಾ ವೃತ್ತಿಯ ಮೊದಲ ಕರ್ತವ್ಯವೆನ್ನಬಹುದು. ರೋಚಕ ವರದಿಗಾರಿಕೆಯನ್ನು ಸಾಮಾನ್ಯವಾಗಿ ದಪ್ಪಕ್ಷರದ ಶೀರ್ಷಿಕೆ, ಉದ್ವೇಗದ ಭಾಷೆ, ಕಣ್ಣು ಕುಕ್ಕುವ ಚಿತ್ರಗಳಿಂದ ಗುರುತಿಸಲಾಗುತ್ತದೆ. ಇವು ಹೊರಲಕ್ಷಣಗಳು. ಮಾತು ಸುದ್ದಿಯಾಗಿ ಶುದ್ಧಗೊಳ್ಳುವ ಹಂತಗಳಲ್ಲಿ ಒಂದನ್ನು ಕೈಬಿಡುವುದು ಅದರ ನಿಜವಾದ ಲಕ್ಷಣ. ಆ ಹಂತಗಳ ಹೆಸರುಗಳು ಪತ್ರಿಕಾಲಯದ ಪರಿಭಾಷೆಯಲ್ಲಿಯೇ ಉಳಿದುಬಂದಿವೆ. ಆದ್ದರಿಂದ ಪರಿಭಾಷೆಯ ಅಧ್ಯಯನವು ವೃತ್ತಿನೀತಿಯ ಅಧ್ಯಯನವೂ ಆಗುತ್ತದೆ.

ಪರಿಭಾಷೆಯ ಹಿನ್ನೆಲೆ

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹೊರಬಂದಿತು. ಬಾಸೆಲ್ ಮಿಷನ್ನಿನ ಹೆರ್ಮನ್ ಮೋಗ್ಲಿಂಗ್ ಅದರ ಸಂಪಾದಕ. ಕಲ್ಲಚ್ಚಿನಲ್ಲಿ ಮುದ್ರಣಗೊಳ್ಳುತ್ತಿದ್ದ ಈ ಪಾಕ್ಷಿಕವು ಮರುವರ್ಷ ಬಳ್ಳಾರಿಗೆ ಸ್ಥಳಾಂತರಗೊಂಡು ‘ಕನ್ನಡ ಸಮಾಚಾರ’ ಎಂಬ ಹೆಸರು ಪಡೆಯಿತು. ಜುಲೈ 1ನ್ನು ಕರ್ನಾಟಕದಲ್ಲಿ ಪತ್ರಿಕಾ ದಿನವಾಗಿ ಆಚರಿಸುವುದು ಈ ಕಾರಣದಿಂದಲೇ. ಅನಂತರ 1859ರಲ್ಲಿ ‘ಮೈಸೂರು ವೃತ್ತಾಂತ ಬೋಧಿನಿ’, 1885ರಲ್ಲಿ ಎಂ. ವೆಂಕಟಕೃಷ್ಣಯ್ಯನವರ ‘ವೃತ್ತಾಂತ ಚಿಂತಾಮಣಿ’ ಕಾಣಿಸಿಕೊಂಡವು. ಡಿ.ವಿ. ಗುಂಡಪ್ಪನವರು ಈ ವೃತ್ತಿಯನ್ನು ಕುರಿತು ಬರೆದ ಗ್ರಂಥಕ್ಕೆ ‘ವೃತ್ತಪತ್ರಿಕೆ’ ಎಂದೇ ಹೆಸರಿಟ್ಟರು.

ಈ ಹೆಸರುಗಳು ಗಮನಾರ್ಹವಾಗಿವೆ. ‘ವೃತ್ತ’ ಎಂದರೆ ನಡೆದದ್ದು. ‘ವೃತ್ತಾಂತ’ ಎಂದರೆ ನಡೆದದ್ದರ ಕೊನೆಮುಟ್ಟಿದ ಕಥನ. ನಡೆಯದೆ ಇದ್ದುದನ್ನೂ ಅರ್ಧ ತಿಳಿದುದನ್ನೂ ಈ ಪದಗಳು ಒಳಗೊಳ್ಳುವುದಿಲ್ಲ. ಮುಂದೆ ಮುದ್ರಣಯಂತ್ರ, ಜಾಹೀರಾತು ಹಾಗೂ ಪ್ರಸಾರ ಸಂಖ್ಯೆಗಳು ಬೆಳೆದಂತೆ ‘ಪತ್ರಿಕೋದ್ಯಮ’ ಎಂಬ ಪದ ರೂಢಿಗೆ ಬಂದಿತು. ವೃತ್ತಿಯೊಂದು ಉದ್ಯಮವೂ ಆಯಿತೆಂಬ ಸಂಗತಿಯನ್ನು ಆ ಪದವು ಮರೆಮಾಚದೆ ಹೇಳುತ್ತದೆ.

ಇಪ್ಪತ್ತನೆಯ ಶತಮಾನದ ಕನ್ನಡ ಪತ್ರಿಕಾಲಯವು ಇಂಗ್ಲಿಷಿನಿಂದ ಅನೇಕ ಪದಗಳನ್ನು ಎರವಲು ಪಡೆಯಿತು. ಕೆಲವನ್ನು ತಾನೇ ರೂಪಿಸಿಕೊಂಡಿತು. ಇವುಗಳಲ್ಲಿ ಹೆಚ್ಚಿನವು ಹೊಣೆಗಾರಿಕೆಯ ಗುರುತುಗಳೇ. ‘ಡೇಟ್‌ಲೈನ್’ ಸುದ್ದಿ ಯಾವ ಊರಿನಿಂದ, ಯಾವ ದಿನ ಹೊರಟಿತೆಂಬುದನ್ನು ತಿಳಿಸುತ್ತದೆ. ‘ಬೈಲೈನ್’ ಅದನ್ನು ಬರೆದವರು ಯಾರೆಂಬುದನ್ನು ತಿಳಿಸುತ್ತದೆ. ‘ಮೂಲ’ ಎಂಬುದು ಯಾರು ಹೇಳಿದರೆಂಬ ಪ್ರಶ್ನೆಗೆ ಉತ್ತರ. ‘ಉಪಸಂಪಾದಕ’ ಎಂಬುದು ಹುದ್ದೆಯ ಹೆಸರಾದರೂ ವಾಸ್ತವವಾಗಿ ಎರಡನೆಯ ಕಣ್ಣು. ವರದಿಗಾರನು ನಂಬಿದ್ದನ್ನು ನಂಬದೆ ಓದುವುದು ಆತನ ಕೆಲಸ. ‘ಫಾಲೋಅಪ್’ ಎಂದರೆ ನಿನ್ನೆ ಹೇಳಿದ್ದು ಇಂದು ಏನಾಯಿತೆಂದು ಓದುಗನಿಗೆ ಒಪ್ಪಿಸುವ ಲೆಕ್ಕ. ‘ತಿದ್ದುಪಡಿ’ ಎಂದರೆ ಪತ್ರಿಕೆ ತನ್ನ ತಪ್ಪನ್ನು ತಾನೇ ಹೇಳಿಕೊಳ್ಳುವುದು. ಅದನ್ನು ‘ಸ್ಪಷ್ಟನೆ’ಯೊಡನೆ ಬೆರೆಸಬಾರದು. ಸ್ಪಷ್ಟನೆ ನೊಂದವನ ಮಾತು. ತಿದ್ದುಪಡಿ ಪತ್ರಿಕೆಯ ಮಾತು.

ಸುದ್ದಿಯ ವಾಕ್ಯದೊಳಗೂ ಇಂತಹ ಗುರುತುಗಳಿವೆ. ‘ಶಂಕಿತ’, ‘ಆರೋಪಿ’, ‘ಅಪರಾಧಿ’ ಎಂಬ ಮೂರು ಪದಗಳು ನ್ಯಾಯಪ್ರಕ್ರಿಯೆಯ ಮೂರು ಬೇರೆಬೇರೆ ಘಟ್ಟಗಳು. ಮೊದಲನೆಯದು ತನಿಖೆಗೆ, ಎರಡನೆಯದು ಆರೋಪಕ್ಕೆ, ಮೂರನೆಯದು ತೀರ್ಪಿಗೆ ಸೇರಿದ್ದು. ಇವುಗಳನ್ನು ಒಂದರ ಸ್ಥಾನದಲ್ಲಿ ಇನ್ನೊಂದನ್ನಿಟ್ಟು ಬಳಸಿದಾಗ ಪತ್ರಿಕೆಯು ನ್ಯಾಯಾಲಯದ ಪೀಠವನ್ನೇರಿದಂತಾಗುತ್ತದೆ. ಅಂತೆಯೇ ‘ಎನ್ನಲಾಗಿದೆ’, ‘ತಿಳಿದುಬಂದಿದೆ’, ‘ಬಲ್ಲ ಮೂಲಗಳು ತಿಳಿಸಿವೆ’ ಎಂಬ ಪ್ರಯೋಗಗಳು. ಖಚಿತವಾಗದ ಮಾತನ್ನು ಖಚಿತವೆಂದು ಹೇಳದಿರುವ ಎಚ್ಚರಿಕೆಯಿಂದ ಹುಟ್ಟಿದ ಇವು, ಕ್ರಮೇಣ ಹೇಳಿದವರ ಹೆಸರನ್ನು ಮುಚ್ಚಿಡುವ ಪರದೆಯೂ ಆದವು. ‘ಎನ್ನಲಾಗಿದೆ’ ಎಂಬ ಕ್ರಿಯಾಪದಕ್ಕೆ ಕರ್ತೃವಿಲ್ಲ. ಕರ್ತೃವಿಲ್ಲದ ಮಾತಿಗೆ ಹೊಣೆಯೂ ಇರುವುದಿಲ್ಲ.

‘ಪೀತ’ ಎಂಬ ವಿಶೇಷಣ

ರೋಚಕ ವರದಿಗಾರಿಕೆಗೆ ಕನ್ನಡದಲ್ಲಿ ಬಳಕೆಯಲ್ಲಿರುವ ‘ಪೀತ ಪತ್ರಿಕೋದ್ಯಮ’ ಎಂಬ ಪದವು ಅಮೆರಿಕದಿಂದ ಬಂದದ್ದು. ಜೋಸೆಫ್ ಪುಲಿಟ್ಜರ್ 1883ರಲ್ಲಿ ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯನ್ನು ಕೊಂಡರು. ವಿಲಿಯಂ ರ‍್ಯಾಂಡಾಲ್ಫ್ ಹರ್ಸ್ಟ್ 1895ರಲ್ಲಿ ಅದೇ ನಗರದ ‘ಜರ್ನಲ್’ ಪತ್ರಿಕೆಯನ್ನು ವಶಕ್ಕೆ ತೆಗೆದುಕೊಂಡು ಪೈಪೋಟಿಗಿಳಿದರು. ‘ವರ್ಲ್ಡ್’ನಲ್ಲಿ ರಿಚರ್ಡ್ ಔಟ್‌ಕಾಲ್ಟ್ ಎಂಬ ವ್ಯಂಗ್ಯಚಿತ್ರಕಾರರು ಚಿತ್ರಿಸುತ್ತಿದ್ದ ಹಳದಿ ನಿಲುವಂಗಿಯ ಬಾಲಕನ ಪಾತ್ರ ಬಹು ಜನಪ್ರಿಯವಾಗಿತ್ತು. 1896ರಲ್ಲಿ ಹರ್ಸ್ಟ್ ಆ ಕಲಾವಿದರನ್ನು ತಮ್ಮ ಪತ್ರಿಕೆಗೆ ಸೆಳೆದುಕೊಂಡರು. ಪುಲಿಟ್ಜರ್ ಬೇರೊಬ್ಬ ಕಲಾವಿದರಿಂದ ಅದೇ ಪಾತ್ರವನ್ನು ಮುಂದುವರಿಸಿದರು. ಎರಡೂ ಪತ್ರಿಕೆಗಳಲ್ಲಿ ಹಳದಿ ಬಾಲಕ ಮೆರೆಯತೊಡಗಿದ ಈ ಸಂದರ್ಭದಲ್ಲಿ, 1897ರ ಆರಂಭದಲ್ಲಿ, ‘ನ್ಯೂಯಾರ್ಕ್ ಪ್ರೆಸ್’ ಪತ್ರಿಕೆಯ ಸಂಪಾದಕ ಎರ್ವಿನ್ ವಾರ್ಡ್‌ಮನ್ ಈ ಬಗೆಯ ಪತ್ರಿಕಾ ವ್ಯವಹಾರಕ್ಕೆ ‘ಹಳದಿ’ ಎಂಬ ಬಿರುದನ್ನಿತ್ತರು.

ಮರುವರ್ಷವೇ ಆ ಬಿರುದು ಗಂಭೀರ ಅರ್ಥವನ್ನು ಪಡೆಯಿತು. ಸ್ಪೇನ್ ದೇಶದ ಆಳ್ವಿಕೆಯಲ್ಲಿದ್ದ ಕ್ಯೂಬಾದ ಹವಾನಾ ಬಂದರಿನಲ್ಲಿ 1898ರ ಫೆಬ್ರವರಿ 15ರ ರಾತ್ರಿ ‘ಮೇನ್’ ಎಂಬ ಅಮೆರಿಕದ ಯುದ್ಧನೌಕೆ ಸ್ಫೋಟಗೊಂಡು 260ಕ್ಕೂ ಹೆಚ್ಚು ಮಂದಿ ಸತ್ತರು. ಕಾರಣ ತಿಳಿಯುವ ಮೊದಲೇ ಇದು ಶತ್ರುಗಳ ಕೃತ್ಯವೆಂಬ ಧ್ವನಿಯ ಶೀರ್ಷಿಕೆಗಳು ಹರ್ಸ್ಟರ ಪತ್ರಿಕೆಯಲ್ಲಿ ಕಾಣಿಸಿಕೊಂಡವು. ದುಷ್ಕರ್ಮಿಗಳನ್ನು ಹಿಡಿದುಕೊಟ್ಟವರಿಗೆ 50,000 ಡಾಲರ್ ಬಹುಮಾನವನ್ನೂ ಅದು ಘೋಷಿಸಿತು. ದುಷ್ಕರ್ಮಿ ಇದ್ದನೇ ಎಂಬ ಪ್ರಶ್ನೆ ಇತ್ಯರ್ಥವಾಗುವ ಮೊದಲು ಅವನ ತಲೆಗೆ ಬೆಲೆ ಕಟ್ಟಲಾಗಿತ್ತು. ಆ ವರ್ಷ ಏಪ್ರಿಲ್‌ನಲ್ಲಿ ಯುದ್ಧ ಆರಂಭವಾಯಿತು. 1976ರಲ್ಲಿ ಅಡ್ಮಿರಲ್ ಹೈಮನ್ ರಿಕೋವರ್ ಅವರ ನೇತೃತ್ವದಲ್ಲಿ ನಡೆದ ಅಧ್ಯಯನವು, ನೌಕೆಯೊಳಗಿನ ಕಲ್ಲಿದ್ದಲು ಉಗ್ರಾಣದ ಬೆಂಕಿಯೇ ಸ್ಫೋಟಕ್ಕೆ ಕಾರಣವಾಗಿರುವ ಸಂಭವ ಹೆಚ್ಚೆಂದು ಅಭಿಪ್ರಾಯಪಟ್ಟಿತು. ಯುದ್ಧವನ್ನು ಪತ್ರಿಕೆಗಳೇ ಹುಟ್ಟುಹಾಕಿದವೆಂಬ ಮಾತನ್ನು ಇಂದಿನ ಇತಿಹಾಸಕಾರರು ಒಪ್ಪುವುದಿಲ್ಲ. ರಾಜಕೀಯ ಹಾಗೂ ಆರ್ಥಿಕ ಕಾರಣಗಳು ಮೊದಲೇ ಇದ್ದವು. ಆದರೆ ತನಿಖೆ ಹೇಳಬೇಕಾದುದನ್ನು ಶೀರ್ಷಿಕೆ ಮೊದಲೇ ಹೇಳಿದಾಗ ಜನರಲ್ಲಿ ತಾಳ್ಮೆಗೆ ಎಡೆ ಉಳಿಯುವುದಿಲ್ಲವೆಂಬುದು ಈ ಘಟನೆಯಿಂದ ಸ್ಪಷ್ಟ.

ಇಲ್ಲಿ ಪದಾರ್ಥದ ಒಂದು ಪಲ್ಲಟವನ್ನು ಗಮನಿಸಬೇಕು. ಅಮೆರಿಕದಲ್ಲಿ ‘ಹಳದಿ’ ಎನಿಸಿಕೊಂಡವು ಆ ಕಾಲದ ಅತಿ ಹೆಚ್ಚು ಪ್ರಸಾರದ ದೊಡ್ಡ ದಿನಪತ್ರಿಕೆಗಳು. ಕನ್ನಡದ ರೂಢಿಯಲ್ಲಾದರೋ ‘ಪೀತ ಪತ್ರಿಕೆ’ ಎಂದರೆ ಚಾರಿತ್ರ್ಯವಧೆಯನ್ನೇ ನೆಚ್ಚಿಕೊಂಡ, ಹೆದರಿಸಿ ಹಣ ಕೀಳುವ ಸಣ್ಣ ಪತ್ರಿಕೆ ಎಂಬ ಭಾವನೆ ಬಲಿತಿದೆ. ಈ ಪಲ್ಲಟದಿಂದ ದೊಡ್ಡ ಪತ್ರಿಕೆಗಳು ತಮ್ಮನ್ನು ಆ ದೋಷದಿಂದ ಹೊರಗಿಟ್ಟು ನೋಡಿಕೊಳ್ಳುವುದು ಸುಲಭವಾಯಿತು. ಪ್ರತಿಷ್ಠಿತ ಪತ್ರಿಕೆಗಳೂ ಆ ದೋಷಕ್ಕೆ ಹೊರತಲ್ಲವೆಂಬುದಕ್ಕೆ ನೆರೆಯ ಕೇರಳದಲ್ಲಿ ನಡೆದ, ಬೆಂಗಳೂರನ್ನೂ ತಟ್ಟಿದ ಪ್ರಕರಣವೊಂದು ನಿದರ್ಶನವಾಗಿದೆ.

1994ರ ಇಸ್ರೊ ಪ್ರಕರಣ

ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ಕೇಂದ್ರ ಕಚೇರಿ ಇರುವುದು ಬೆಂಗಳೂರಿನಲ್ಲಿ. ಅದರ ರಾಕೆಟ್ ಎಂಜಿನ್‌ಗಳ ಕೆಲಸಕ್ಕೆ ತಿರುವನಂತಪುರ ಮುಖ್ಯ ನೆಲೆ. 1994ರ ಅಕ್ಟೋಬರ್‌ನಲ್ಲಿ ತಿರುವನಂತಪುರದಲ್ಲಿ ವೀಸಾ ಅವಧಿ ಮೀರಿ ತಂಗಿದ್ದ ಆಪಾದನೆಯ ಮೇಲೆ ಮಾಲ್ದೀವ್ಸ್‌ನ ಮರಿಯಂ ರಶೀದಾ ಎಂಬ ಮಹಿಳೆಯನ್ನು ಕೇರಳ ಪೊಲೀಸರು ಬಂಧಿಸಿದರು. ಮುಂದಿನ ತಿಂಗಳು ಅಧಿಕೃತ ರಹಸ್ಯಗಳ ಕಾಯಿದೆಯಡಿ ಎರಡನೆಯ ಮೊಕದ್ದಮೆ ದಾಖಲಾಯಿತು. ಮಾಲ್ದೀವ್ಸ್‌ನ ಇನ್ನೊಬ್ಬ ಮಹಿಳೆ ಫೌಸಿಯಾ ಹಸನ್, ವಿಜ್ಞಾನಿ ಡಿ. ಶಶಿಕುಮಾರನ್, ನವೆಂಬರ್ 30ರಂದು ಕ್ರಯೋಜೆನಿಕ್ ಯೋಜನೆಯ ಹೊಣೆ ಹೊತ್ತಿದ್ದ ವಿಜ್ಞಾನಿ ಎಸ್. ನಂಬಿ ನಾರಾಯಣನ್ ಬಂಧಿತರಾದರು. ರಷ್ಯಾದ ಗ್ಲಾವ್‌ಕಾಸ್ಮಾಸ್ ಸಂಸ್ಥೆಯ ಪ್ರತಿನಿಧಿಯಾಗಿದ್ದ ಕೆ. ಚಂದ್ರಶೇಖರ್ ಹಾಗೂ ಗುತ್ತಿಗೆದಾರ ಎಸ್.ಕೆ. ಶರ್ಮ ಎಂಬ ಬೆಂಗಳೂರಿನ ಇಬ್ಬರನ್ನೂ ಸೇರಿಸಿ ಆರು ಮಂದಿಯ ಮೇಲೆ ಆರೋಪ ಬಂದಿತು. ರಾಕೆಟ್ ತಂತ್ರಜ್ಞಾನವನ್ನು ಪಾಕಿಸ್ತಾನಕ್ಕೆ ಮಾರಿದರೆಂಬುದು ಆರೋಪದ ಸಾರ.

ವಿಚಾರಣಾ ಕೊಠಡಿಯಿಂದ ಸೋರಿಬಂದ ಮಾತುಗಳು ಮರುದಿನದ ಮುಖಪುಟದ ಸುದ್ದಿಗಳಾದವು. ಒಂದು ಪತ್ರಿಕೆಗಿಂತ ಇನ್ನೊಂದು ಹೆಚ್ಚಿನದನ್ನು ಹೇಳಬೇಕೆಂಬ ಪೈಪೋಟಿಯಲ್ಲಿ ಮಾಲ್ದೀವ್ಸ್‌ನ ಮಹಿಳೆಯರು ಮೋಹಿನಿಯರಾಗಿ, ಮಾತಾ ಹರಿಯ ಅವತಾರಗಳಾಗಿ ಚಿತ್ರಿತರಾದರು. ವಿಜ್ಞಾನಿಗಳು ಹಣಕ್ಕೂ ಹೆಣ್ಣಿಗೂ ದೇಶವನ್ನು ಮಾರಿದವರಾದರು. ‘ಶಂಕಿತ’, ‘ಆರೋಪಿ’ ಎಂಬ ಪದಗಳಿರಬೇಕಾದ ಸ್ಥಾನದಲ್ಲಿ ‘ಗೂಢಚಾರ’, ‘ದೇಶದ್ರೋಹಿ’ ಎಂಬ ಪದಗಳು ಕುಳಿತವು. ಶೀರ್ಷಿಕೆಯಲ್ಲಿ ಸ್ಥಳವಿಲ್ಲವೆಂಬುದು ಉಪಸಂಪಾದಕರ ಹಳೆಯ ಸಮಜಾಯಿಷಿ. ಆದರೆ ‘ಆರೋಪಿ’ಗೆ ಮೂರು ಅಕ್ಷರ ಸಾಕು, ‘ಗೂಢಚಾರ’ನಿಗೆ ನಾಲ್ಕು ಬೇಕು.

ಕೇಳಬೇಕಾಗಿದ್ದ ಸರಳ ಪ್ರಶ್ನೆಯೊಂದು ಬಹುತೇಕ ವರದಿಗಳಲ್ಲಿ ಕಾಣಿಸಲಿಲ್ಲ. ಕ್ರಯೋಜೆನಿಕ್ ತಂತ್ರಜ್ಞಾನವನ್ನು ಭಾರತಕ್ಕೆ ವರ್ಗಾಯಿಸುವ ಒಪ್ಪಂದದಿಂದ ಅಮೆರಿಕದ ಒತ್ತಡಕ್ಕೆ ಮಣಿದು ರಷ್ಯಾ 1993ರಲ್ಲಿಯೇ ಹಿಂದೆ ಸರಿದಿತ್ತು. ಭಾರತವು ತಾನೇ ನಿರ್ಮಿಸಿದ ಕ್ರಯೋಜೆನಿಕ್ ಎಂಜಿನ್ನಿನಿಂದ ಮೊದಲ ಯಶಸ್ವಿ ಉಡಾವಣೆಯನ್ನು ನಡೆಸಿದ್ದು 2014ರ ಜನವರಿಯಲ್ಲಿ. ಹಾಗಿರುವಾಗ 1994ರಲ್ಲಿ ಮಾರಲು ಇದ್ದುದಾದರೂ ಏನು? ಈ ಪ್ರಶ್ನೆಗೆ ಗುಪ್ತ ಮೂಲಗಳ ಅಗತ್ಯವಿರಲಿಲ್ಲ. ಹಿಂದಿನ ವರ್ಷದ ಪತ್ರಿಕೆಗಳ ಕಡತವೇ ಸಾಕಾಗಿತ್ತು. ಆರಂಭದಿಂದಲೇ ಅನುಮಾನ ವ್ಯಕ್ತಪಡಿಸಿದ ಪತ್ರಕರ್ತರೂ ಇದ್ದರು. ಅವರಲ್ಲೊಬ್ಬರಾದ ಜೆ. ರಾಜಶೇಖರನ್ ನಾಯರ್ ಈ ಪ್ರಕರಣವನ್ನು ಕುರಿತು ಮುಂದೆ ಗ್ರಂಥವನ್ನೇ ರಚಿಸಿದರು. ಆದರೆ ಅಂತಹ ದನಿಗಳು ಕೆಲವೇ ಆಗಿದ್ದವು.

1994ರ ಡಿಸೆಂಬರ್‌ನಲ್ಲಿ ತನಿಖೆ ಸಿಬಿಐಗೆ ವರ್ಗವಾಯಿತು. ಆರೋಪ ನಿರಾಧಾರವೆಂದು ಅದು ಸಲ್ಲಿಸಿದ ವರದಿಯನ್ನು 1996ರ ಮೇ ತಿಂಗಳಲ್ಲಿ ಎರ್ನಾಕುಲಂ ನ್ಯಾಯಾಲಯವು ಅಂಗೀಕರಿಸಿ ಆರು ಮಂದಿಯನ್ನೂ ಬಿಡುಗಡೆಗೊಳಿಸಿತು. ಮರುತನಿಖೆ ನಡೆಸುವ ಕೇರಳ ಸರ್ಕಾರದ ಆದೇಶವನ್ನು 1998ರಲ್ಲಿ ಸರ್ವೋಚ್ಚ ನ್ಯಾಯಾಲಯ ರದ್ದುಪಡಿಸಿತು. 2018ರ ಸೆಪ್ಟೆಂಬರ್ 14ರಂದು ಅದೇ ನ್ಯಾಯಾಲಯವು ನಂಬಿ ನಾರಾಯಣನ್ ಅವರ ಬಂಧನ ಅನಗತ್ಯವಾಗಿತ್ತೆಂದೂ, ಅವರು ಮಾನಸಿಕ ಕ್ರೌರ್ಯಕ್ಕೆ ಗುರಿಯಾದರೆಂದೂ ಹೇಳಿ 50 ಲಕ್ಷ ರೂಪಾಯಿ ಪರಿಹಾರ ನೀಡಲು ಆದೇಶಿಸಿತು. ಮರುವರ್ಷ ಅವರಿಗೆ ಪದ್ಮಭೂಷಣ ಪ್ರಶಸ್ತಿ ಸಂದಿತು.

ಪರಿಣಾಮಗಳ ಲೆಕ್ಕ

ಬಂಧನದಿಂದ ಈ ತೀರ್ಪಿನವರೆಗಿನ ಅವಧಿ 24 ವರ್ಷ. ನಿರಪರಾಧಿತ್ವ ಸಾಬೀತಾಗಲು 18 ತಿಂಗಳು ಸಾಕಾದವು. ಕಳಂಕ ತೊಡೆಯಲು ಕಾಲು ಶತಮಾನ ಹಿಡಿಯಿತು. ತೀರ್ಪು ಬಂದಾಗ ಬೆಂಗಳೂರಿನ ಚಂದ್ರಶೇಖರ್ ಪ್ರಜ್ಞಾಹೀನ ಸ್ಥಿತಿಯಲ್ಲಿದ್ದರು. ಎರಡು ದಿನಗಳ ಅನಂತರ ತೀರಿಕೊಂಡರು. ಶರ್ಮ ಅವರು ಅದೇ ವರ್ಷ ನವೆಂಬರ್‌ನಲ್ಲಿ ನಿಧನರಾದರು. ಮರಿಯಂ ರಶೀದಾ ಮೂರು ವರ್ಷಕ್ಕೂ ಹೆಚ್ಚು ಕಾಲ ಪರದೇಶದ ಸೆರೆಮನೆಯಲ್ಲಿ ಕಳೆದರು. ಪ್ರಕರಣವು ಆಡಳಿತ ಪಕ್ಷದ ಒಳಜಗಳಕ್ಕೆ ಆಯುಧವಾಗಿ, ಕೇರಳದ ಮುಖ್ಯಮಂತ್ರಿ ಕೆ. ಕರುಣಾಕರನ್ 1995ರ ಮಾರ್ಚ್‌ನಲ್ಲಿ ಅಧಿಕಾರ ಬಿಡಬೇಕಾಯಿತು. ಈ ಎಲ್ಲ ಹಾನಿಗೆ ಪತ್ರಿಕೆಗಳೇ ಕಾರಣವೆನ್ನುವುದು ನ್ಯಾಯವಲ್ಲ. ಬಂಧಿಸಿದವರು ಪೊಲೀಸರು, ಆರೋಪ ಹೊರಿಸಿದವರು ತನಿಖಾಧಿಕಾರಿಗಳು. ಆದರೆ ಅಧಿಕಾರದ ಮಾತನ್ನು ಪರೀಕ್ಷಿಸುವುದಕ್ಕಾಗಿಯೇ ಇರುವ ಸಂಸ್ಥೆ ಆ ಮಾತಿಗೆ ಧ್ವನಿವರ್ಧಕವಾದಾಗ, ಆರೋಪಕ್ಕೊಳಗಾದವನಿಗೆ ಮೊರೆಯಿಡಲು ಯಾವ ಬಾಗಿಲೂ ಉಳಿಯುವುದಿಲ್ಲ.

ಪರಿಹಾರ ಕೊಡಬೇಕಾದದ್ದು ಸರ್ಕಾರದ ಬೊಕ್ಕಸ. ಪತ್ರಿಕೆಗಳ ಮೇಲೆ ನಿಗಾ ಇಡಲು 1966ರಲ್ಲಿ ಸ್ಥಾಪನೆಗೊಂಡು, ತುರ್ತುಪರಿಸ್ಥಿತಿಯಲ್ಲಿ ರದ್ದಾಗಿ, 1978ರ ಕಾಯಿದೆಯಡಿ ಮತ್ತೆ ರೂಪುಗೊಂಡ ಭಾರತೀಯ ಪತ್ರಿಕಾ ಮಂಡಳಿಗೆ ಎಚ್ಚರಿಸುವ, ಖಂಡಿಸುವ ಅಧಿಕಾರವಿದೆಯೇ ಹೊರತು ದಂಡಿಸುವ ಅಧಿಕಾರವಿಲ್ಲ. ಪತ್ರಿಕಾ ಸ್ವಾತಂತ್ರ್ಯದ ದೃಷ್ಟಿಯಿಂದ ಇದು ಸರಿಯಾದ ವ್ಯವಸ್ಥೆಯೇ. ಆದರೆ ಹೊರಗಿನ ದಂಡನೆ ಇಲ್ಲದ ಕಡೆ ಒಳಗಿನ ಶಿಸ್ತು ಹೆಚ್ಚಾಗಬೇಕಾಗುತ್ತದೆ. ಆ ಶಿಸ್ತಿಗೆ ಬೇಕಾದ ಉಪಕರಣಗಳು ವೃತ್ತಿಯ ಪರಿಭಾಷೆಯಲ್ಲಿ ಆಗಲೇ ಸಿದ್ಧವಾಗಿವೆ: ಮೂಲವನ್ನು ಹೆಸರಿಸುವುದು, ಹೆಸರಿಸಲಾಗದಿದ್ದರೆ ಎರಡನೆಯ ಮೂಲವನ್ನು ಹುಡುಕುವುದು, ಆರೋಪಿಯನ್ನು ಆರೋಪಿಯೆಂದೇ ಕರೆಯುವುದು, ಬಂಧನವನ್ನು ಮುಖಪುಟದಲ್ಲಿ ಪ್ರಕಟಿಸಿದ ಪತ್ರಿಕೆ ಬಿಡುಗಡೆಯನ್ನೂ ಮುಖಪುಟದಲ್ಲಿಯೇ ಪ್ರಕಟಿಸುವುದು.

ಇಂದು ಸುದ್ದಿ ಮುದ್ರಣದ ಪುಟವನ್ನು ದಾಟಿ ದೂರದರ್ಶನದ ಪರದೆಗೂ ಅಂಗೈಯ ದೂರವಾಣಿಗೂ ಬಂದಿದೆ. ‘ಡೆಡ್‌ಲೈನ್’ ಎಂಬುದು ದಿನಕ್ಕೊಮ್ಮೆ ಬರುತ್ತಿದ್ದ ಗಡುವಾಗಿ ಉಳಿದಿಲ್ಲ. ಪ್ರತಿ ಕ್ಷಣವೂ ಗಡುವೇ. ಮುದ್ರಣದ ವಿಳಂಬವು ಒಂದು ಕಾಲಕ್ಕೆ ಪತ್ರಕರ್ತನಿಗೆ ಯೋಚಿಸಲು ಕೆಲವು ಗಂಟೆಗಳನ್ನಾದರೂ ಕೊಡುತ್ತಿತ್ತು. ಆ ಗಂಟೆಗಳು ಇಲ್ಲವಾದ ಮೇಲೆ, ಮಾತನ್ನು ತಡೆದು ನಿಲ್ಲಿಸಿ ಪರೀಕ್ಷಿಸುವ ಕೆಲಸ ಪೂರ್ತಿಯಾಗಿ ಮನುಷ್ಯನ ವಿವೇಕದ ಮೇಲೆ ಬಿದ್ದಿದೆ. ಕನ್ನಡವು ಈ ವೃತ್ತಿಯ ಸರಕಿಗೆ ಶುದ್ಧಿಯಿಂದ ಹುಟ್ಟಿದ ಹೆಸರನ್ನು ಕೊಟ್ಟಿದೆ. ಆ ಹೆಸರಿಗೆ ತಕ್ಕಂತೆ ನಡೆದುಕೊಂಡರೆ ಓದುಗನಿಗೆ ಸಿಗುವುದು ಸುದ್ದಿ; ನಡೆದುಕೊಳ್ಳದಿದ್ದರೆ ಅಚ್ಚಾದ ಮಾತ್ರಕ್ಕೆ ಗಾಳಿಸುದ್ದಿ ಸುದ್ದಿಯಾಗುವುದಿಲ್ಲ.