ತಪೋವನದ ಮರದಡಿ ಯಾರ ಮಕ್ಕಳು?

ಶಾಲೆ ತೆರೆದು ಇನ್ನೂ ವರ್ಷ ತುಂಬಿರಲಿಲ್ಲ. 1902ರ ನವೆಂಬರಿನಲ್ಲಿ ಶಾಂತಿನಿಕೇತನದ ಮುಂದೆ ಒಂದು ಪ್ರಶ್ನೆ ಎದ್ದು ನಿಂತಿತು. ಹೊಸದಾಗಿ ಬಂದ ಅಧ್ಯಾಪಕ ಕುಂಜಲಾಲ್ ಘೋಷ್ ಬ್ರಾಹ್ಮಣರಾಗಿರಲಿಲ್ಲ. ಗುರುಗಳ ಪಾದ ಮುಟ್ಟಿ ನಮಸ್ಕರಿಸುವುದು ಅಲ್ಲಿನ ಕ್ರಮ. ಬ್ರಾಹ್ಮಣ ಹುಡುಗರು ಇವರ ಪಾದ ಮುಟ್ಟಬೇಕೇ, ಬೇಡವೇ? ರವೀಂದ್ರನಾಥ ಟಾಗೋರರು ಉತ್ತರಿಸಿ ಪತ್ರ ಬರೆದರು. ಹಿಂದೂ ಸಮಾಜದ ರೂಢಿಗೆ ವಿರುದ್ಧವಾದುದಕ್ಕೆ ಈ ವಿದ್ಯಾಲಯದಲ್ಲಿ ಎಡೆಯಿಲ್ಲ, ಬ್ರಾಹ್ಮಣ ಅಧ್ಯಾಪಕರ ಪಾದ ಮುಟ್ಟಲಿ, ಉಳಿದವರಿಗೆ ಕೈಮುಗಿಯಲಿ ಎಂಬುದು ಅದರ ಸಾರ.

ಮಗುವಿನ ಸ್ವಾತಂತ್ರ್ಯಕ್ಕಾಗಿ ಬದುಕಿನ ನಲವತ್ತು ವರ್ಷ ಸವೆಸಿದ ಕವಿಯ ಮಾತು ಇದು ಎಂದರೆ ಇಂದು ನಂಬುವುದು ಕಷ್ಟ. ಆದರೆ ಟಾಗೋರರ ಶಿಕ್ಷಣ ಪ್ರಯೋಗವನ್ನು ಹೊಗಳುವವರು ಸಾಮಾನ್ಯವಾಗಿ ಈ ಪುಟವನ್ನು ಹಾರಿಸಿಬಿಡುತ್ತಾರೆ. ಹಾರಿಸಿದರೆ ಅವರು ನಡೆದ ದೂರವೂ ನಮಗೆ ತಿಳಿಯುವುದಿಲ್ಲ.

ಬಾಲ್ಯದಲ್ಲಿ ಟಾಗೋರರು ಕಲ್ಕತ್ತಾದ ನಾಲ್ಕು ಶಾಲೆಗಳನ್ನು ಕಂಡು, ಎಲ್ಲಿಯೂ ನಿಲ್ಲದೆ ಹೊರಬಂದವರು. ಶಾಲೆಯೆಂದರೆ ಅವರಿಗೆ ನಾಲ್ಕು ಗೋಡೆ, ಬೆತ್ತ ಮತ್ತು ಅರ್ಥವಾಗದ ಇಂಗ್ಲಿಷ್. 1892ರಲ್ಲಿಯೇ ಮಾತೃಭಾಷಾ ಶಿಕ್ಷಣದ ಪರವಾಗಿ ಪ್ರಬಂಧ ಬರೆದಿದ್ದರು. 1901ರ ಡಿಸೆಂಬರ್ 22ರಂದು ಬೋಲ್‌ಪುರದ ಬಳಿ ಐವರು ಹುಡುಗರೊಂದಿಗೆ ಬ್ರಹ್ಮಚರ್ಯಾಶ್ರಮ ಆರಂಭಿಸಿದಾಗ ಅವರ ಕಣ್ಣೆದುರಿದ್ದುದು ಉಪನಿಷತ್ತುಗಳ ಕಾಲದ ತಪೋವನ. ಐವರಲ್ಲಿ ಒಬ್ಬ ಅವರ ಮಗ ರಥೀಂದ್ರನಾಥ. ಶಾಲೆಯ ಖರ್ಚಿಗೆ ಪತ್ನಿ ಮೃಣಾಲಿನಿ ದೇವಿಯ ಒಡವೆಗಳೂ ಹೋದವು.

ಪಾಠ ಮರದ ಕೆಳಗೆ. ಮಕ್ಕಳು ತಮ್ಮ ತಮ್ಮ ಆಸನ ಹಾಸಿಕೊಂಡು ಕುಳಿತುಕೊಳ್ಳುತ್ತಿದ್ದರು. ಬೆಳಗು ಮತ್ತು ಸಂಜೆ ಮೌನವಾಗಿ ಕುಳಿತುಕೊಳ್ಳಲು ಸಮಯವಿತ್ತು. ಆ ಮೌನದಲ್ಲಿ ಏನನ್ನು ಯೋಚಿಸಬೇಕೆಂದು ಯಾರೂ ಹೇಳುತ್ತಿರಲಿಲ್ಲ. ಹೊಡೆತ ಇರಲಿಲ್ಲ. ತಪ್ಪು ಮಾಡಿದವನ ವಿಚಾರಣೆ ಕ್ರಮೇಣ ವಿದ್ಯಾರ್ಥಿಗಳದೇ ಸಭೆಯ ಕೈಗೆ ಬಂತು. ಹಾಡು, ನಾಟಕ, ಮಳೆಯಲ್ಲಿ ನೆನೆಯುವುದು ಇವೆಲ್ಲ ಪಾಠದ ಭಾಗವೇ ಆದವು. ರಾಜನ ಪಕ್ಷಿಗೆ ಚಿನ್ನದ ಪಂಜರ ಮಾಡಿಸಿ, ಬಾಯಿಗೆ ಪುಸ್ತಕದ ಹಾಳೆ ತುರುಕಿ ಕೊಂದ ಪಂಡಿತರ ಕತೆಯನ್ನು ಅವರು 1918ರಲ್ಲಿ ಬರೆದರು. ಅದನ್ನು ಓದಿದ ತಂದೆ-ತಾಯಿಗೆ ಈಗಲೂ ತಮ್ಮ ಮಗುವಿನ ಬ್ಯಾಗ್ ನೆನಪಾಗುತ್ತದೆ.

ಸೋಜಿಗವೆಂದರೆ, ಈ ಹಿಂದೂ ಆಶ್ರಮವನ್ನು ಕಟ್ಟಲು ಮೊದಲು ನೆರವಾದವರು ಕಾವಿ ತೊಟ್ಟ ಕ್ಯಾಥೊಲಿಕ್ ಬ್ರಹ್ಮಬಾಂಧವ ಉಪಾಧ್ಯಾಯ ಮತ್ತು ಅವರ ಶಿಷ್ಯ, ಸಿಂಧ್‌ನ ರೇವಾಚಂದ್. ಟಾಗೋರರ ತಂದೆ ದೇವೇಂದ್ರನಾಥರು 1888ರಲ್ಲಿ ಬರೆಸಿದ ಟ್ರಸ್ಟ್ ಪತ್ರವೂ ಅಲ್ಲಿ ವಿಗ್ರಹಪೂಜೆ ಸಲ್ಲದು, ಯಾವ ಧರ್ಮದ ನಿಂದನೆಯೂ ಸಲ್ಲದು ಎಂದು ವಿಧಿಸಿತ್ತು. ಪರಧರ್ಮಕ್ಕೆ ಇಷ್ಟು ತೆರೆದ ಅಂಗಳದಲ್ಲಿ ಜಾತಿಗೆ ಮಾತ್ರ ಗೆರೆ ಎಳೆಯಲಾಗಿತ್ತು. ಮೇಜು ಬೆಂಚುಗಳನ್ನು ತೆಗೆದುಹಾಕುವುದು ಸುಲಭ. ಋಷಿಕುಲದ ಕನಸಿನ ಜೊತೆಗೇ ಬಂದ ವರ್ಣಭೇದವನ್ನು ತೆಗೆದುಹಾಕಲು ವರ್ಷಗಳೇ ಹಿಡಿದವು.

ಟಾಗೋರರು ಬದಲಾದರು. ಸ್ವದೇಶಿ ಚಳವಳಿಯ ದಿನಗಳಲ್ಲಿ ಬಂಗಾಳದ ಹಿಂದೂ-ಮುಸ್ಲಿಮರ ನಡುವಿನ ಬಿರುಕನ್ನು ಹತ್ತಿರದಿಂದ ಕಂಡದ್ದು ಇದಕ್ಕೆ ಮುಖ್ಯ ಕಾರಣವೆಂದು ನನಗನಿಸುತ್ತದೆ. 1910ರಲ್ಲಿ ಪುಸ್ತಕವಾಗಿ ಬಂದ 'ಗೋರಾ' ಕಾದಂಬರಿಯ ನಾಯಕ ಕಟ್ಟಾ ಆಚಾರವಂತ. ಕೊನೆಗೆ ತಾನು ಐರಿಷ್ ದಂಪತಿಯ ಮಗನೆಂದು ತಿಳಿದಾಗ ಅವನಿಗೆ ಬಿಡುಗಡೆ ಸಿಗುತ್ತದೆ. 1902ರ ಪತ್ರಕ್ಕೆ ಅದನ್ನು ಬರೆದವರೇ ಕೊಟ್ಟ ಉತ್ತರವಿದು ಎಂದು ಓದಬಹುದು. 1921ರ ಡಿಸೆಂಬರಿನಲ್ಲಿ ವಿಶ್ವಭಾರತಿ ವಿಧಿವತ್ತಾಗಿ ರೂಪುಗೊಂಡಾಗ ತಪೋವನವೆಂಬುದು ಒಂದು ಸಮಾಜದ ಸೊತ್ತಾಗಿ ಉಳಿದಿರಲಿಲ್ಲ.

ಆದರೂ ಇನ್ನೊಂದು ಕೊರತೆ ಉಳಿದಿತ್ತು. ಶುಲ್ಕವಿಲ್ಲದೆ ಆರಂಭವಾದ ಶಾಲೆ ಬೇಗನೆ ಶುಲ್ಕ ಪಡೆಯಬೇಕಾಯಿತು. ಅನುಕೂಲಸ್ಥರ ಮಕ್ಕಳು ಬಂದರು, ಅವರೊಂದಿಗೆ ಪರೀಕ್ಷೆಯ ಹಟವೂ ಬಂತು. 1924ರಲ್ಲಿ ಬಡ ಹಳ್ಳಿಗರ ಮಕ್ಕಳಿಗಾಗಿ 'ಶಿಕ್ಷಾಸತ್ರ' ತೆರೆದು, ತಮ್ಮ ಆದರ್ಶವನ್ನು ಅಲ್ಲಿ ಮತ್ತೆ ಮೊದಲಿನಿಂದ ಆರಂಭಿಸಿದರು. ತೋಟ, ನೇಯ್ಗೆ, ಅಡುಗೆ ಅಲ್ಲಿ ಪಾಠವಾದವು. ಮೂರು ವರ್ಷಗಳ ಬಳಿಕ ಅದು ಶ್ರೀನಿಕೇತನಕ್ಕೆ ಸ್ಥಳಾಂತರವಾಯಿತು. 2023ರಲ್ಲಿ ಯುನೆಸ್ಕೋ ಶಾಂತಿನಿಕೇತನವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಸಂಭ್ರಮಿಸಿದವರಲ್ಲಿ ಎಷ್ಟು ಮಂದಿಗೆ ಈ ಶಾಲೆ ನೆನಪಾಯಿತೋ!

1919ರಲ್ಲಿ ಟಾಗೋರರು ಸಿಲ್ಹೆಟ್‌ಗೆ ಹೋಗಿ, ಆಕಾಂಕ್ಷೆಯನ್ನು ಕುರಿತು ವಿದ್ಯಾರ್ಥಿಗಳ ಮುಂದೆ ಮಾತನಾಡಿದ್ದರು. ಆಕಾಂಕ್ಷೆಯನ್ನು ದೊಡ್ಡದಾಗಿಸಲು ಏನು ಮಾಡಬೇಕೆಂದು ಹದಿಹರೆಯದ ಒಬ್ಬ ಮುಸ್ಲಿಮ್ ಹುಡುಗ ಅವರಿಗೆ ಪತ್ರ ಬರೆದ. ಕವಿ ಉತ್ತರಿಸಿದರು. ಹುಡುಗ 1921ರಲ್ಲಿ ಶಾಂತಿನಿಕೇತನಕ್ಕೆ ಬಂದು ಐದು ವರ್ಷ ಕಲಿತ. ಕಾಬೂಲಿನ ಅನುಭವಗಳನ್ನು ಬರೆದು ಬಂಗಾಳಿ ಗದ್ಯದಲ್ಲಿ ಹೆಸರಾದ ಸೈಯದ್ ಮುಜ್ತಬಾ ಅಲಿ ಅವರೇ ಆ ಹುಡುಗ. 1950ರ ದಶಕದಲ್ಲಿ ಅವರು ವಿಶ್ವಭಾರತಿಗೆ ಮರಳಿ ಬಂದರು, ಅಧ್ಯಾಪಕರಾಗಿ.