ಕಿತ್ತೂರು ಸೀಮೆಯ ದೂರವಾಣಿ ಮತ್ತು ದೂರದರ್ಶನ

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳು ಮಲಪ್ರಭೆಯ ಆಸುಪಾಸಿನ ಹತ್ತಿ-ಜೋಳದ ಸೀಮೆ. ಕೋಟೆ, ಜಾತ್ರೆ, ಮಗ್ಗಗಳಿಗೆ ಹೆಸರಾದ ಈ ನೆಲಕ್ಕೆ ಭಾರತದ ದೂರಸಂಪರ್ಕ ಇತಿಹಾಸದಲ್ಲೂ ಒಂದು ಸ್ಥಾನವಿದೆ. ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ರೂಪಿಸಿದ 128 ಪೋರ್ಟುಗಳ ಮೊದಲ ಗ್ರಾಮೀಣ ಸ್ವಯಂಚಾಲಿತ ದೂರವಾಣಿ ವಿನಿಮಯ ಕೇಂದ್ರವನ್ನು 1986ರಲ್ಲಿ ಕಿತ್ತೂರಿನಲ್ಲಿ ಸ್ಥಾಪಿಸಲಾಯಿತು. ಆಗ ಕಿತ್ತೂರು ಬೈಲಹೊಂಗಲ ತಾಲ್ಲೂಕಿಗೆ ಸೇರಿತ್ತು.

1980ರ ಸುಮಾರಿಗೆ ಇಡೀ ದೇಶದಲ್ಲಿದ್ದ ದೂರವಾಣಿಗಳು 25 ಲಕ್ಷಕ್ಕೂ ಕಡಿಮೆ. ಅವುಗಳಲ್ಲಿ ಬಹುಪಾಲು ನಗರಗಳಲ್ಲಿದ್ದವು. ಹಳ್ಳಿಯವರು ಪರವೂರಿಗೆ ಮಾತಾಡಬೇಕೆಂದರೆ ಅಂಚೆ ಕಚೇರಿಗೆ ಹೋಗಿ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಿತ್ತು. ವಿದೇಶಿ ಎಲೆಕ್ಟ್ರಾನಿಕ್ ವಿನಿಮಯ ಕೇಂದ್ರಗಳನ್ನು ತರಿಸಿ ಹಳ್ಳಿಗೆ ಹಾಕುವಂತೆಯೂ ಇರಲಿಲ್ಲ. ಅವು ಸಾವಿರಾರು ಸಂಪರ್ಕಗಳಿಗೆಂದು ಕಟ್ಟಿದ ದೊಡ್ಡ ಯಂತ್ರಗಳು. ಹವಾನಿಯಂತ್ರಿತ ಕೋಣೆಯಿಲ್ಲದೆ ನಡೆಯುತ್ತಿರಲಿಲ್ಲ.

ಈ ತೊಡಕು ಬಿಡಿಸಲೆಂದೇ 1984ರಲ್ಲಿ ಸಿ-ಡಾಟ್ ಹುಟ್ಟಿತು. ದೂರಸಂಪರ್ಕ ತಂತ್ರಜ್ಞ ಸ್ಯಾಮ್ ಪಿತ್ರೋಡಾ ಅದರ ಹಿಂದಿನ ಪ್ರೇರಕ ಶಕ್ತಿ. ದೆಹಲಿ ಮತ್ತು ಬೆಂಗಳೂರಿನಲ್ಲಿ ಕೆಲಸ ಮಾಡಿದ ಎಂಜಿನಿಯರುಗಳಲ್ಲಿ ಹೆಚ್ಚಿನವರು ತೀರ ಎಳೆಯರು. ಅವರಿಗೆ ಸಿಕ್ಕಿದ್ದು 36 ತಿಂಗಳ ಗಡುವು, 36 ಕೋಟಿ ರೂಪಾಯಿ. ನಗರದ ದೊಡ್ಡ ಯಂತ್ರಕ್ಕಿಂತ ಮೊದಲು ಹಳ್ಳಿಯ ಸಣ್ಣ ಯಂತ್ರ ಸಿದ್ಧವಾದದ್ದು ಗಮನಿಸಬೇಕಾದ ಸಂಗತಿ. ‘ರ‍್ಯಾಕ್ಸ್’ ಎಂದೇ ಹೆಸರಾದ ಅದಕ್ಕೆ ಹವಾನಿಯಂತ್ರಣ ಬೇಕಿರಲಿಲ್ಲ. ಕಡಿಮೆ ವಿದ್ಯುತ್ ಬಳಸುವ ಬಿಡಿಭಾಗಗಳನ್ನು ಆರಿಸಿದ್ದರಿಂದ ಒಳಗೆ ಹುಟ್ಟುವ ಶಾಖವೂ ಕಡಿಮೆ. ಸಹಜ ಗಾಳಿಯ ಓಡಾಟವೇ ಅದನ್ನು ತಣಿಸುತ್ತಿತ್ತು. ಧೂಳು, ಬೇಸಿಗೆಯ ಧಗೆ, ಹೊತ್ತುಗೊತ್ತಿಲ್ಲದೆ ಹೋಗಿಬರುವ ಕರೆಂಟು, ಇವನ್ನೆಲ್ಲ ಲೆಕ್ಕಕ್ಕೆ ಹಿಡಿದೇ ಅದನ್ನು ಕಟ್ಟಲಾಗಿತ್ತು. ಮುಖ್ಯ ಭಾಗಗಳನ್ನು ಜೋಡಿಯಾಗಿ ಇರಿಸಿದ್ದರಿಂದ ಒಂದು ಕೆಟ್ಟರೆ ಇನ್ನೊಂದು ನಡೆಸುತ್ತಿತ್ತು. ಕಪ್ಪು ಮಣ್ಣಿನ ಬಯಲೂ ಮಲೆನಾಡಿನ ಸೆರಗೂ ಕೂಡುವ, ಹೆದ್ದಾರಿಯ ಮಗ್ಗುಲಿನ ಕಿತ್ತೂರಿನಂಥ ಊರು ಇಂಥ ಯಂತ್ರಕ್ಕೆ ತಕ್ಕ ಪರೀಕ್ಷಾಕಣವೇ ಸರಿ. ಮುಂದೆ ಇದೇ ಮಾದರಿ ದೇಶದ ಸಾವಿರಾರು ಹಳ್ಳಿಗಳನ್ನು ಮುಟ್ಟಿತು.

ದೂರವಾಣಿ ಬಂದ ಮೇಲೆ ಏನಾಯಿತು ಎಂಬುದಕ್ಕೆ ಪಿತ್ರೋಡಾ 1993ರ ಲೇಖನವೊಂದರಲ್ಲಿ ಸುಮಾರು 5,000 ಜನಸಂಖ್ಯೆಯ ಊರೊಂದನ್ನು ಉದಾಹರಿಸಿದ್ದಾರೆ: ವಿನಿಮಯ ಕೇಂದ್ರ ಬಂದ ಬಳಿಕ ಆರೇ ತಿಂಗಳಲ್ಲಿ ಅಲ್ಲಿನ ಬ್ಯಾಂಕ್ ಠೇವಣಿ ಶೇ. 80ರಷ್ಟು ಏರಿತಂತೆ. ಊರಿನ ಹೆಸರು ಲೇಖನದಲ್ಲಿಲ್ಲ, ಏರಿಕೆಗೆ ಫೋನೊಂದೇ ಕಾರಣವೆಂದು ನಂಬುವುದೂ ಕಷ್ಟ. ಆದರೆ ಹತ್ತಿ ಬೆಳೆದವನು ಗಾಡಿ ಹೂಡುವ ಮೊದಲೇ ಪೇಟೆಯ ಧಾರಣೆ ತಿಳಿಯಬಲ್ಲವನಾದರೆ ದಲಾಲಿಯ ಮುಂದೆ ಅವನ ಮಾತಿಗೆ ತೂಕ ಬರುತ್ತದೆ. ಇದನ್ನು ಅಲ್ಲಗಳೆಯುವಂತಿಲ್ಲ.

1990ರ ದಶಕದಲ್ಲಿ ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳು ಬಸ್ ನಿಲ್ದಾಣಗಳ ಎದುರು ತಲೆಯೆತ್ತಿದವು. ಹಲವನ್ನು ಅಂಗವಿಕಲರಿಗೆ ಹಂಚಲಾಗಿತ್ತು. ಗೋವಾಕ್ಕೆ ದುಡಿಯಲು ಹೋದವರ, ಸೈನ್ಯ ಸೇರಿದವರ ಮನೆಮಂದಿ ರಾತ್ರಿ ದರ ಇಳಿದ ಮೇಲೆ ಅಲ್ಲಿ ಸಾಲುಗಟ್ಟುತ್ತಿದ್ದರು. ಗಾಜಿನ ಬಾಗಿಲು ಹಾಕಿಕೊಂಡರೂ ಒಳಗಿನ ಮಾತು ಹೊರಗಿನವರಿಗೆ ಕೇಳದೆ ಇರುತ್ತಿರಲಿಲ್ಲ.

ಪ್ರಸಾರದ ಕಥೆ ಬೇರೆ. ಈ ಸೀಮೆಯ ದನಿಯಾಗಿದ್ದುದು 1950ರ ಜನವರಿ 8ರಂದು ಆರಂಭವಾದ ಧಾರವಾಡ ಆಕಾಶವಾಣಿ. ಹವಾಮಾನ, ಬಿತ್ತನೆ, ಗೀಗಿ ಪದ, ಹಿಂದುಸ್ತಾನಿ ಸಂಗೀತ ಎಲ್ಲವನ್ನೂ ಅದು ಇಲ್ಲಿಯ ಮಾತಿನಲ್ಲೇ ತಲುಪಿಸಿತು. 1975–76ರಲ್ಲಿ ಉಪಗ್ರಹದ ಮೂಲಕ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿವಿ ತಂದ ‘ಸೈಟ್’ ಪ್ರಯೋಗ ಕರ್ನಾಟಕದಲ್ಲಿ ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳಿಗೆ ಸೀಮಿತವಾಗಿತ್ತು. ಅಂದಿನ ವಿಜಾಪುರ ಜಿಲ್ಲೆಯ ಗಡಿ ರಾಮದುರ್ಗಕ್ಕೆ ತಾಗಿಕೊಂಡೇ ಇತ್ತು. ಯೋಜನೆ ಮಾತ್ರ ಗಡಿ ದಾಟಲಿಲ್ಲ. ಬೆಂಗಳೂರು ದೂರದರ್ಶನ 1981ರಲ್ಲಿ ಶುರುವಾದರೂ ಅದರ ಕನ್ನಡ ಕಾರ್ಯಕ್ರಮಗಳು ಉತ್ತರಕ್ಕೆ ಬರಲು ವರ್ಷಗಳೇ ಹಿಡಿದವು. ಕಡಿಮೆ ಶಕ್ತಿಯ ಮರುಪ್ರಸಾರ ಕೇಂದ್ರಗಳು ಕೊಡುತ್ತಿದ್ದುದು ಮುಖ್ಯವಾಗಿ ದೆಹಲಿಯ ಹಿಂದಿ. 1987ರ ಜನವರಿಯಲ್ಲಿ ಆರಂಭವಾದ ‘ರಾಮಾಯಣ’ ಧಾರಾವಾಹಿಗೆ ಭಾಷೆ ಅಡ್ಡಿಯಾಗಲಿಲ್ಲ, ಕಥೆ ಗೊತ್ತಿದ್ದದ್ದೇ. ಕೃಷಿ ಮಾಹಿತಿಗೆ ಅದೇ ಅನುಕೂಲ ಇರಲಿಲ್ಲ. 1994ರಲ್ಲಿ ಉದಯ ಟಿವಿ ಬಂದ ಮೇಲೆ ಕೇಬಲ್ ಇದ್ದ ಊರುಗಳಲ್ಲಿ ಕನ್ನಡ ಪರದೆ ಮನೆಮಾತಾಯಿತು. ಅದರೊಳಗಿನ ಕನ್ನಡ ಬಹುತೇಕ ಬೆಂಗಳೂರಿನದು. ಬೈಲಹೊಂಗಲದ ಮಾತು ಬಂದರೂ ನಗಿಸಲಿಕ್ಕೆಂದೇ ಬಂತು.

ಇತ್ತ ದೂರವಾಣಿಯಲ್ಲಿ, 2000ದ ಅಕ್ಟೋಬರ್ 1ರಂದು ಸರ್ಕಾರಿ ಕಂಪನಿ ಬಿಎಸ್‌ಎನ್‌ಎಲ್ ಕಾರ್ಯಾರಂಭ ಮಾಡಿತು. ಅದರ ಬೆನ್ನಿಗೇ ಮೊಬೈಲ್ ಹಳ್ಳಿ ಹೊಕ್ಕು ಬೂತುಗಳನ್ನು ಮುಚ್ಚಿಸಿತು. ಕಿತ್ತೂರು ಈಗ ಸ್ವತಂತ್ರ ತಾಲ್ಲೂಕು. ಪ್ರತಿ ಅಕ್ಟೋಬರ್‌ನಲ್ಲಿ ನಡೆಯುವ ಕಿತ್ತೂರು ಉತ್ಸವ ಬ್ರಿಟಿಷರ ವಿರುದ್ಧದ 1824ರ ಯುದ್ಧವನ್ನು ನೆನೆಯುತ್ತದೆ. 1986ರ ವಿನಿಮಯ ಕೇಂದ್ರಕ್ಕೂ ಅಲ್ಲೊಂದು ಫಲಕವಾದರೂ ಇರಬೇಕು.